ಅರೆ-ಖಾಸಗಿ ಗಾಲ್ಫ್ ಕೋರ್ಸ್: ಸದಸ್ಯರಲ್ಲದವರು ಹೋಗುವ ಮುನ್ನ ತಿಳಿಯಬೇಕಾದದ್ದು

ರಾಜ್ಯದ ಬಹುತೇಕ ಓದುಗರಿಗೆ ಗಾಲ್ಫ್ ಮೈದಾನಗಳ ಪರಿಚಯವಾದದ್ದು ಕ್ರೀಡಾಪುಟದಿಂದಲ್ಲ, ರಾಜಕೀಯ ಸುದ್ದಿಯಿಂದ. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರು ಬಿಡದಿ ಸಮೀಪದ ಈಗಲ್‌ಟನ್ ಗಾಲ್ಫ್ ರೆಸಾರ್ಟಿನಲ್ಲಿ ತಂಗಿದ್ದರು. 2018ರಲ್ಲಿ ರಾಜ್ಯದ ಕಾಂಗ್ರೆಸ್ ಶಾಸಕರ ಸರದಿ ಬಂದಿತು. 2019ರ ಜುಲೈನಲ್ಲಿ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದಾಗ ಜೆಡಿಎಸ್ ಶಾಸಕರು ದೇವನಹಳ್ಳಿ ಸಮೀಪದ ಪ್ರೆಸ್ಟೀಜ್ ಗಾಲ್ಫ್‌ಶೈರ್ ಸೇರಿದರು. ಟಿ.ವಿ. ಕ್ಯಾಮೆರಾಗಳು ದಿನವಿಡೀ ತೋರಿಸಿದ್ದು ಮುಚ್ಚಿದ ಗೇಟುಗಳನ್ನು ಮಾತ್ರ. ಆ ಗೇಟಿನ ಒಳಗೆ ಏನಿದೆ, ಶಾಸಕರೂ ಅಲ್ಲದ, ಸದಸ್ಯರೂ ಅಲ್ಲದ ಸಾಮಾನ್ಯ ಪ್ರಜೆ ಅಲ್ಲಿ ಕಾಲಿಡಬಹುದೇ ಎಂಬ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ.

ಉತ್ತರ, ಹಲವು ಕಡೆಗಳಲ್ಲಿ, ಹೌದು ಎಂದೇ. ಆದರೆ ಹೋಟೆಲಿಗೆ ಹೋದಂತೆ ನೇರವಾಗಿ ಹೋಗುವಂತಿಲ್ಲ. ಮೊದಲೇ ವಿಚಾರಿಸದೆ ಹೊರಟವರು ಗೇಟಿನಲ್ಲೇ ಹಿಂತಿರುಗುವುದು, ಅಥವಾ ಒಳಹೊಕ್ಕ ಮೇಲೆ ತಾವು ಎಣಿಸಿದ್ದಕ್ಕಿಂತ ಎರಡು ಪಟ್ಟು ಬಿಲ್ ತೆತ್ತು ಬರುವುದು ಅಪರೂಪವೇನಲ್ಲ.

ಅರೆ-ಖಾಸಗಿ ಎಂದರೇನು?

ಗಾಲ್ಫ್ ಮೈದಾನಗಳನ್ನು ಪ್ರವೇಶದ ದೃಷ್ಟಿಯಿಂದ ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸುವುದು ವಾಡಿಕೆ. ಹಣ ಕೊಟ್ಟ ಯಾರು ಬೇಕಾದರೂ ಆಡಬಹುದಾದ ಸಾರ್ವಜನಿಕ ಮೈದಾನ ಒಂದು. ಸದಸ್ಯರು ಮತ್ತು ಅವರು ಕರೆತಂದ ಅತಿಥಿಗಳಿಗೆ ಮಾತ್ರ ಮೀಸಲಾದ ಖಾಸಗಿ ಕ್ಲಬ್ ಇನ್ನೊಂದು. ಇವೆರಡರ ನಡುವೆ ನಿಲ್ಲುವುದೇ ಅರೆ-ಖಾಸಗಿ ಅಥವಾ ಸೆಮಿ-ಪ್ರೈವೇಟ್ ಕೋರ್ಸ್. ಇಲ್ಲಿ ವಾರ್ಷಿಕ ಶುಲ್ಕ ಕಟ್ಟುವ ಸದಸ್ಯರಿರುತ್ತಾರೆ. ಅವರಿಗೆ ಮೊದಲ ಆದ್ಯತೆ. ಅವರು ಬಳಸದೆ ಉಳಿದ ಸಮಯವನ್ನು ಹೊರಗಿನವರಿಗೆ ಮಾರಲಾಗುತ್ತದೆ. ಈ ಹೆಸರು ಅಮೆರಿಕದ್ದು. ಅಲ್ಲಿನ ಗಾಲ್ಫ್ ಕೋರ್ಸ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಂದಲ್ಲ ಒಂದು ರೀತಿಯಲ್ಲಿ ಸಾರ್ವಜನಿಕರಿಗೆ ತೆರೆದಿರುವುದರಿಂದ ಈ ವಿಂಗಡಣೆ ಅವರಿಗೆ ದಿನಬಳಕೆಯ ಮಾತು.

ನಮ್ಮಲ್ಲಿ ಆ ಹೆಸರಿನ ಬಳಕೆ ಕಡಿಮೆ, ಪದ್ಧತಿ ಮಾತ್ರ ಇದೆ. ಬ್ರಿಟಿಷರ ಕಾಲದಿಂದ ಬಂದ ಕ್ಲಬ್‌ಗಳು ಕಾಗದದ ಮೇಲೆ ಖಾಸಗಿ. ಆದರೆ ವಾರದ ದಿನಗಳಲ್ಲಿ ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಹೊಂದಿದ ಹೊರ ಊರಿನ ಆಟಗಾರರಿಗೆ, ಒಪ್ಪಂದ ಇರುವ ಇತರ ಕ್ಲಬ್‌ಗಳ ಸದಸ್ಯರಿಗೆ, ವಿದೇಶಿ ಪ್ರವಾಸಿಗರಿಗೆ ಬಾಗಿಲು ತೆರೆಯುವ ರೂಢಿ ಅನೇಕ ಕಡೆ ಇದೆ. ಇತ್ತ ಹೊಸ ತಲೆಮಾರಿನ ರೆಸಾರ್ಟ್ ಮತ್ತು ಬಡಾವಣೆಗಳ ಕೋರ್ಸ್‌ಗಳು ಸದಸ್ಯತ್ವವನ್ನೂ ಮಾರುತ್ತವೆ, ದಿನದ ಆಟವನ್ನೂ ಮಾರುತ್ತವೆ. ಇವೆರಡೂ ವ್ಯವಹಾರದಲ್ಲಿ ಅರೆ-ಖಾಸಗಿಯೇ. ವ್ಯತ್ಯಾಸವೆಂದರೆ ಮೊದಲನೆಯದರಲ್ಲಿ ನೀವು ಅತಿಥಿ, ಎರಡನೆಯದರಲ್ಲಿ ಗ್ರಾಹಕ. ಗಾಲ್ಫ್‌ಗೆ ಹೊಸಬರಾದವರಿಗೆ ಎರಡನೆಯದೇ ಸುಲಭ ಎಂಬುದು ಈ ಲೇಖಕನ ಅಭಿಪ್ರಾಯ. ಅತಿಥಿಗೆ ನಿಯಮ ಗೊತ್ತಿರಬೇಕೆಂದು ಆತಿಥೇಯರು ನಿರೀಕ್ಷಿಸುತ್ತಾರೆ. ಗ್ರಾಹಕನಿಗೆ ಕಲಿಸಿಕೊಡಲು ಸಿಬ್ಬಂದಿ ಇರುತ್ತಾರೆ.

ಕರ್ನಾಟಕದಲ್ಲಿ ಎಲ್ಲೆಲ್ಲಿ?

ಕೋಲ್ಕತ್ತದಲ್ಲಿ 1829ರಲ್ಲಿ ಆರಂಭವಾದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಬ್ರಿಟಿಷ್ ದ್ವೀಪಗಳ ಹೊರಗಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ ಎಂಬ ಮನ್ನಣೆ ಪಡೆದಿದೆ. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಹೈಗ್ರೌಂಡ್ಸ್ ಪ್ರದೇಶದ ಈ ಮೈದಾನ ನಗರದ ನಡುಮಧ್ಯದಲ್ಲಿ ಉಳಿದಿರುವುದೇ ಒಂದು ಸೋಜಿಗ. ಜಾಗ ಚಿಕ್ಕದು, ದಾರಿಗಳು ಕಿರಿದು. ದೂರ ಹೊಡೆಯುವವನಿಗಿಂತ ನೇರ ಹೊಡೆಯುವವನಿಗೆ ಇಲ್ಲಿ ಹೆಚ್ಚು ಲಾಭ. ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ ಮೈದಾನ, ಅಂದರೆ ಆಟಗಾರರ ಬಾಯಲ್ಲಿ ಕೆಜಿಎ, ಇದಕ್ಕೆ ತದ್ವಿರುದ್ಧ. ಬ್ರಿಟಿಷ್ ಓಪನ್ ಪ್ರಶಸ್ತಿಯನ್ನು ಐದು ಬಾರಿ ಗೆದ್ದ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಇದರ ವಿನ್ಯಾಸದ ಹಿಂದಿದ್ದವರು. 2012ರ ಇಂಡಿಯನ್ ಓಪನ್ ನಡೆದದ್ದು ಇಲ್ಲಿಯೇ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದ ಬೆಂಗಳೂರಿನ ಅದಿತಿ ಅಶೋಕ್ ಬಾಲ್ಯದಲ್ಲಿ ಆಟ ಕಲಿತದ್ದೂ ಇಲ್ಲೇ. ಮಗಳು ಗಾಲ್ಫ್ ಕಲಿಯಬೇಕೆಂದು ಅಪ್ಪ-ಅಮ್ಮ ಮೊದಲೇ ಯೋಜನೆ ಹಾಕಿದ್ದೇನಲ್ಲ. ಮೈದಾನದ ಪಕ್ಕದ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದಾಗ ಒಳಗಿನ ಆಟ ಕಂಡು ಆಕೆಗೆ ಆಸೆ ಹುಟ್ಟಿತೆಂಬುದು ಕ್ರೀಡಾಲೋಕದಲ್ಲಿ ಪ್ರಸಿದ್ಧ ಸಂಗತಿ.

ನಗರದಾಚೆಗೆ ಬಂದರೆ ನೋಟ ಬದಲಾಗುತ್ತದೆ. ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಚಾಮುಂಡಿ ಬೆಟ್ಟದ ಬುಡದಲ್ಲಿದೆ. ಕುದುರೆ ಪಂದ್ಯದ ಮೈದಾನಕ್ಕೂ ಅದಕ್ಕೂ ನೆರೆಹೊರೆ. ಪಂದ್ಯದ ದಿನಗಳಲ್ಲಿ ಆಟದ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಕೊಡಗಿನ ಬಿಟ್ಟಂಗಾಲ ಮತ್ತು ಚಿಕ್ಕಮಗಳೂರಿನ ಮೈದಾನಗಳಲ್ಲಿ ಕಾಫಿ ಬೆಳೆಗಾರರ ಕ್ಲಬ್ ಸಂಸ್ಕೃತಿಯ ಛಾಯೆ ದಟ್ಟವಾಗಿದೆ. ಏರು-ತಗ್ಗಿನ ನೆಲ, ತೋಟದ ಅಂಚು, ಮಂಜು. ಆಟಕ್ಕಿಂತ ನೋಟವೇ ಹೆಚ್ಚೆಂದು ಕೆಲವರು ದೂರಿದರೂ ನೋಟಕ್ಕಾಗಿಯೇ ಹೋಗುವವರೂ ಉಂಟು. ಮಂಗಳೂರಿನ ಹೊರವಲಯದ ಪಿಲಿಕುಳದಲ್ಲೂ ಗಾಲ್ಫ್ ಇದೆ. ಕೋಲಾರ ಚಿನ್ನದ ಗಣಿಯ ಸಾಹೇಬರು ಬಿಟ್ಟುಹೋದ ಕ್ಲಬ್ ಪರಂಪರೆಯಲ್ಲಿಯೂ ಗಾಲ್ಫ್ ಸೇರಿತ್ತು. ಇನ್ನು ಸೇನಾ ನೆಲೆಗಳಲ್ಲಿರುವ ಮೈದಾನಗಳನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅಲ್ಲಿ ಸೇವೆಯಲ್ಲಿರುವವರು, ನಿವೃತ್ತರು ಮತ್ತು ಅವರ ಕುಟುಂಬಕ್ಕೆ ಮೊದಲ ಹಕ್ಕು. ಭದ್ರತೆಯ ಕಟ್ಟುಪಾಡುಗಳೂ ಬೇರೆ.

ದೂರವಾಣಿ ಕರೆಯೇ ಮೊದಲ ಹೆಜ್ಜೆ

ಅಂತರ್ಜಾಲದಲ್ಲಿ ದೊರೆಯುವ ದರಪಟ್ಟಿಯನ್ನು ನಂಬಿ ಹೊರಡುವುದು ಸರಿಯಲ್ಲ. ಗಾಲ್ಫ್ ಕ್ಲಬ್‌ಗಳ ಶುಲ್ಕ ವರ್ಷಕ್ಕೊಮ್ಮೆಯಾದರೂ ಬದಲಾಗುತ್ತದೆ. ಹಳೆಯ ಪಟ್ಟಿಗಳು ಅಲ್ಲಲ್ಲಿ ಹಾಗೆಯೇ ಉಳಿದಿರುತ್ತವೆ. ಕ್ಲಬ್ಬಿನ ಕಚೇರಿಗಿಂತ ‘ಸ್ಟಾರ್ಟರ್’ ಅಥವಾ ಗಾಲ್ಫ್ ವಿಭಾಗದ ಮೇಜಿಗೆ ಕರೆ ಮಾಡುವುದು ಹೆಚ್ಚು ಫಲಕಾರಿ. ಯಾರು ಯಾವ ಹೊತ್ತಿಗೆ ಆಟ ಆರಂಭಿಸಬೇಕೆಂದು ನಿರ್ಧರಿಸುವವರು ಅವರೇ.

ಆಟ ಆರಂಭಿಸುವ ಈ ನಿಗದಿತ ವೇಳೆಗೆ ಟೀ ಟೈಮ್ ಎಂದು ಹೆಸರು. ಚಹಾಕ್ಕೂ ಇದಕ್ಕೂ ಸಂಬಂಧವಿಲ್ಲ. ಚೆಂಡನ್ನು ಇಟ್ಟು ಹೊಡೆಯುವ ಪುಟ್ಟ ಮೊಳೆಯೇ ಟೀ. ಕೆಲವೇ ನಿಮಿಷಗಳ ಅಂತರದಲ್ಲಿ ನಾಲ್ಕು ನಾಲ್ಕು ಜನರ ತಂಡಗಳು ಒಂದರ ಹಿಂದೊಂದು ಹೊರಡುತ್ತವೆ. ಶನಿವಾರ, ಭಾನುವಾರ ಬೆಳಗಿನ ವೇಳೆಗಳು ಬಹುತೇಕ ಸದಸ್ಯರ ಪಾಲು. ಹೊರಗಿನವರಿಗೆ ವಾರದ ದಿನಗಳ ಬೆಳಗ್ಗೆ ಹತ್ತರ ನಂತರವೋ, ಮಧ್ಯಾಹ್ನವೋ ಅವಕಾಶ ಸಿಗಬಹುದು. ಸೋಮವಾರ ಹುಲ್ಲು ಕತ್ತರಿಸುವುದೇ ಮೊದಲಾದ ನಿರ್ವಹಣೆಗಾಗಿ ಅನೇಕ ಕ್ಲಬ್‌ಗಳು ಮೈದಾನ ಮುಚ್ಚುತ್ತವೆ. ಅಂದು ರಜೆ ಹಾಕಿ ಹೋದರೆ ನಿರಾಸೆ ಖಚಿತ. ಪಂದ್ಯಾವಳಿಗಳಿದ್ದಾಗ ವಾರಗಟ್ಟಲೆ ಹೊರಗಿನವರಿಗೆ ಪ್ರವೇಶವಿರುವುದಿಲ್ಲ. ವಿಚಾರಿಸುವಾಗ ಈ ವಾರ ಪಂದ್ಯಾವಳಿ ಏನಾದರೂ ಇದೆಯೇ, ಗ್ರೀನ್‌ಗಳ ದುರಸ್ತಿ ನಡೆಯುತ್ತಿದೆಯೇ ಎಂದು ಕೇಳುವುದನ್ನು ಮರೆಯಬಾರದು. ಗ್ರೀನ್‌ ಎಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗ. ಅದರ ಮಣ್ಣು ಸಡಿಲಗೊಳಿಸಲು ತೂತು ಕೊರೆದು ಮರಳು ಹಾಕಿದ ವಾರದಲ್ಲಿ ಹೋದವನು ಪೂರ್ಣ ಶುಲ್ಕ ತೆತ್ತು ಅರ್ಧ ಆಟ ಆಡಿ ಬರುತ್ತಾನೆ.

ಒಬ್ಬರೇ ಹೋಗುವವರಾದರೆ ಅದನ್ನೂ ಮೊದಲೇ ತಿಳಿಸಬೇಕು. ಅಪರಿಚಿತರ ತಂಡಕ್ಕೆ ನಿಮ್ಮನ್ನು ಸೇರಿಸಬಹುದು. ಗಾಲ್ಫ್‌ನಲ್ಲಿ ಇದು ತೀರ ಸಹಜ.

ಹ್ಯಾಂಡಿಕ್ಯಾಪ್ ಎಂಬ ರಹದಾರಿ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿ. ಹ್ಯಾಂಡಿಕ್ಯಾಪ್ ಎಂದರೆ ಆಟಗಾರನ ಮಟ್ಟವನ್ನು ಸೂಚಿಸುವ ಸಂಖ್ಯೆ. 18 ಹೋಲ್‌ಗಳ ಪೂರ್ಣ ಪ್ರಮಾಣದ ಮೈದಾನವನ್ನು ನುರಿತವನೊಬ್ಬ ಸಾಮಾನ್ಯವಾಗಿ 72 ಹೊಡೆತಗಳಲ್ಲಿ ಮುಗಿಸಬೇಕೆಂಬುದು ಲೆಕ್ಕ. ಇದಕ್ಕೆ ‘ಪಾರ್’ ಎನ್ನುತ್ತಾರೆ. ಹ್ಯಾಂಡಿಕ್ಯಾಪ್ 18 ಇರುವವನು ಒಳ್ಳೆಯ ದಿನದಲ್ಲಿ 90ರ ಆಸುಪಾಸಿನಲ್ಲಿ ಮುಗಿಸುತ್ತಾನೆ ಎಂದು ಸ್ಥೂಲವಾಗಿ ಹೇಳಬಹುದು. ಸಂಖ್ಯೆ ಕಡಿಮೆಯಾದಷ್ಟೂ ಆಟಗಾರ ದೊಡ್ಡವನು. ಅಪ್ಪ ಮಗನೊಡನೆ, ಪಳಗಿದವನು ಹೊಸಬನೊಡನೆ ಸರಿಸಮವಾಗಿ ಪಂದ್ಯ ಆಡಲು ಸಾಧ್ಯವಾಗಿರುವುದು ಈ ಲೆಕ್ಕಾಚಾರದಿಂದಲೇ.

2020ರ ಜನವರಿಯಿಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಜಾರಿಗೆ ಬಂದಿದೆ. ಅದರಂತೆ ಗರಿಷ್ಠ ಹ್ಯಾಂಡಿಕ್ಯಾಪ್ 54. ಮೊದಲ ಸಲ ಸಂಖ್ಯೆ ಪಡೆಯಲು ಒಟ್ಟು 54 ಹೋಲ್‌ಗಳ, ಅಂದರೆ ಮೂರು ಪೂರ್ಣ ಸುತ್ತಿನ ಅಂಕಪಟ್ಟಿ ಸಾಕು. ಮುಂದೆ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯನ್ನು ಆಧರಿಸಿ ಸಂಖ್ಯೆ ಏರಿಳಿಯುತ್ತದೆ. ಭಾರತದಲ್ಲಿ ಈ ಆಟದ ಆಡಳಿತ ನೋಡಿಕೊಳ್ಳುವುದು ಭಾರತೀಯ ಗಾಲ್ಫ್ ಯೂನಿಯನ್. ಆಟಗಾರನಿಗೆ ಪ್ರಮಾಣಪತ್ರ ದೊರೆಯುವುದು ಕ್ಲಬ್ ಮುಖಾಂತರ.

ಕ್ಲಬ್‌ಗಳು ಈ ಪತ್ರ ಕೇಳುವುದು ಬಿಗುಮಾನಕ್ಕಲ್ಲ. ಚೆಂಡು ತಾಗಿಸಲೂ ಬಾರದ ಒಬ್ಬನು ಮೈದಾನಕ್ಕಿಳಿದರೆ ಹಿಂದಿನ ಹತ್ತು ತಂಡಗಳು ಬಿಸಿಲಿನಲ್ಲಿ ಕಾಯಬೇಕಾಗುತ್ತದೆ. ಅಪಾಯವೂ ಇದೆ. ಗಾಲ್ಫ್ ಚೆಂಡಿನ ಗರಿಷ್ಠ ತೂಕ 45.93 ಗ್ರಾಂ, ಗಾತ್ರ ನಿಂಬೆಹಣ್ಣಿನಷ್ಟು. ಆದರೆ ಹೊಡೆತಕ್ಕೆ ಸಿಕ್ಕರೆ ಕಣ್ಣು ಹೋಗುವುದು ಖಂಡಿತ. ಪ್ರಮಾಣಪತ್ರ ಇಲ್ಲದಿದ್ದರೆ ಹಾಗೆಂದು ಕರೆಯಲ್ಲೇ ಒಪ್ಪಿಕೊಳ್ಳುವುದು ಲೇಸು. ರೆಸಾರ್ಟ್ ಮಾದರಿಯ ಕೋರ್ಸ್‌ಗಳಲ್ಲಿ ತರಬೇತುದಾರನ ಜೊತೆ ಕೆಲವು ಹೋಲ್ ಆಡಲು ಅವಕಾಶ ಸಿಗಬಹುದು, ಇಲ್ಲವೇ ಡ್ರೈವಿಂಗ್ ರೇಂಜ್‌ ತೋರಿಸುತ್ತಾರೆ. ಒಂದೇ ಜಾಗದಲ್ಲಿ ನಿಂತು ಬುಟ್ಟಿಯಷ್ಟು ಚೆಂಡುಗಳನ್ನು ಹೊಡೆದು ಅಭ್ಯಾಸ ಮಾಡುವ ಈ ಅಂಗಳ ಅಗ್ಗವೂ ಹೌದು, ಯಾವ ಪತ್ರವೂ ಬೇಕಿಲ್ಲ. ಮೊದಲ ಭೇಟಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನೂರು ಚೆಂಡು ಹೊಡೆದ ಮೇಲೆ ಬೆನ್ನು ನೋಯದೆ, ಮನಸ್ಸು ಇನ್ನೂ ಬೇಕೆನ್ನುತ್ತಿದ್ದರೆ ಆಗ ಮೈದಾನದ ಮಾತು.

ಬಿಲ್ಲಿನಲ್ಲಿ ಏನೇನಿರುತ್ತದೆ?

ಗ್ರೀನ್ ಫೀ ಎಂಬುದು ಮೈದಾನದ ಶುಲ್ಕ ಮಾತ್ರ. ಅದರ ಮೇಲೆ ಕ್ಯಾಡಿಯ ಶುಲ್ಕ, ಬ್ಯಾಟರಿ ಬಗ್ಗಿಯ ಬಾಡಿಗೆ, ಗಾಲ್ಫ್ ಸ್ಟಿಕ್‌ಗಳ ಬಾಡಿಗೆ, ಲಾಕರ್, ಕೊನೆಗೆ ಜಿಎಸ್‌ಟಿ ಸೇರುತ್ತವೆ. ಫೋನಿನಲ್ಲಿ ಹೇಳಿದ ಮೊತ್ತದಲ್ಲಿ ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂದು ಒಂದೊಂದಾಗಿ ಕೇಳುವುದಕ್ಕೆ ಸಂಕೋಚಪಡಬೇಕಿಲ್ಲ. ಸದಸ್ಯರ ಅತಿಥಿ, ಒಪ್ಪಂದದ ಕ್ಲಬ್ಬಿನ ಸದಸ್ಯ, ಹೊರಗಿನ ಭಾರತೀಯ, ವಿದೇಶಿಗ ಎಂದು ನಾಲ್ಕು ದರಗಳಿರಬಹುದು, ವಾರಾಂತ್ಯಕ್ಕೆ ಇನ್ನೊಂದು. ಆದ್ದರಿಂದ ಪರಿಚಯದವರಲ್ಲಿ ಸದಸ್ಯರು ಯಾರಾದರೂ ಇದ್ದಾರೆಯೇ ಎಂದು ಮೊದಲು ಹುಡುಕುವುದು ಜಾಣತನ. ನಿಮ್ಮ ಊರಿನ ಹಳೆಯ ಕ್ಲಬ್ಬಿನಲ್ಲಿ ನಿಮಗೆ ಸದಸ್ಯತ್ವವಿದ್ದರೆ ಅಲ್ಲಿ ಗಾಲ್ಫ್ ಇಲ್ಲದಿದ್ದರೂ ಬೇರೆ ಊರಿನ ಕ್ಲಬ್‌ಗಳೊಡನೆ ಅದರ ಪರಸ್ಪರ ಒಪ್ಪಂದವಿರಬಹುದು. ಕಾರ್ಯದರ್ಶಿಯಿಂದ ಪರಿಚಯಪತ್ರ ತೆಗೆದುಕೊಂಡು ಹೋದರೆ ದರವೂ ಇಳಿಯುತ್ತದೆ, ಮುಖದ ಬಿಗುವೂ ಇಳಿಯುತ್ತದೆ.

ಹಳೆಯ ಕ್ಲಬ್‌ಗಳಲ್ಲಿ ಊಟ-ಪಾನೀಯಕ್ಕೆ ಸದಸ್ಯರು ಚೀಟಿಗೆ ಸಹಿ ಹಾಕುತ್ತಾರೆ, ಹಣ ಚಲಾವಣೆಯಿಲ್ಲ. ಹೊರಗಿನವರು ಎಲ್ಲಿ, ಹೇಗೆ ಪಾವತಿಸಬೇಕೆಂದು ಮೊದಲೇ ಕೇಳದಿದ್ದರೆ ನಿಂಬೆ ಪಾನಕ ಕುಡಿದ ಮೇಲೆ ಇರಿಸುಮುರಿಸು.

ಸ್ಟಿಕ್‌ಗಳನ್ನು ಮೊದಲೇ ಕೊಂಡುಕೊಳ್ಳುವ ಆತುರ ಬೇಡ. ನಿಯಮದಂತೆ ಒಬ್ಬ ಆಟಗಾರ 14 ಸ್ಟಿಕ್‌ಗಳವರೆಗೆ ಒಯ್ಯಬಹುದು. ಹೊಸಬನಿಗೆ ಐದಾರು ಸಾಕು. ಪೂರ್ಣ ಸೆಟ್‌ನ ಬೆಲೆ ಕೇಳಿ ಆಟವನ್ನೇ ಬಿಟ್ಟವರಿಗಿಂತ, ಸೆಟ್ ಕೊಂಡ ಮೇಲೆ ಆಟ ಬಿಟ್ಟವರ ಸಂಖ್ಯೆಯೇ ಹೆಚ್ಚೆಂದು ಅಂಗಡಿಯವರೇ ತಮಾಷೆ ಮಾಡುವುದುಂಟು. ಚೆಂಡುಗಳನ್ನು ಮಾತ್ರ ಧಾರಾಳವಾಗಿ ಒಯ್ಯಬೇಕು. ಕೆರೆ, ಪೊದೆಗಳ ಪಾಲಾಗುವವು ಎಷ್ಟೆಂದು ಮೊದಲ ದಿನವೇ ತಿಳಿಯುತ್ತದೆ. ಕಳೆದುಹೋದ ಚೆಂಡನ್ನು ಹುಡುಕಲು 2019ರ ಪರಿಷ್ಕೃತ ನಿಯಮದಂತೆ ಮೂರು ನಿಮಿಷ ಮಾತ್ರ ಅವಕಾಶ; ಅದಕ್ಕೆ ಮುನ್ನ ಐದು ನಿಮಿಷವಿತ್ತು.

ಕ್ಯಾಡಿ: ಚೀಲ ಹೊರುವವನಷ್ಟೇ ಅಲ್ಲ

ಭಾರತದಲ್ಲಿ ಗಾಲ್ಫ್ ಆಡುವವನಿಗೆ ದೊರೆಯುವ ದೊಡ್ಡ ಅನುಕೂಲವೆಂದರೆ ಕ್ಯಾಡಿ. ವಿದೇಶದ ಸಾಮಾನ್ಯ ಮೈದಾನಗಳಲ್ಲಿ ಈ ಸೌಲಭ್ಯ ಅಪರೂಪ. ಮೈದಾನದ ಸುತ್ತಲಿನ ಹಳ್ಳಿ, ಕೊಳೆಗೇರಿಗಳ ಯುವಕರೇ ಬಹುಪಾಲು ಈ ವೃತ್ತಿಗೆ ಬರುತ್ತಾರೆ. ನೆಲ ಯಾವ ಕಡೆ ವಾಲಿದೆ, ಗಾಳಿ ಎತ್ತ ಬೀಸುತ್ತಿದೆ, ಗ್ರೀನ್ ಮೇಲೆ ಚೆಂಡು ಎಷ್ಟು ಓಡುತ್ತದೆ ಎಂಬುದೆಲ್ಲ ಅವರಿಗೆ ಅಂಗೈ ರೇಖೆಯಷ್ಟು ಪರಿಚಿತ. ಹೊಸ ಮೈದಾನಕ್ಕೆ ಹೋದವನು ಕ್ಯಾಡಿಯ ಮಾತು ಕೇಳಿದರೆ ಹತ್ತು ಹೊಡೆತ ಉಳಿಯುತ್ತದೆ. ಕೇಳದಿದ್ದರೆ ಸೋತದ್ದಕ್ಕೆ ಕಾರಣವೂ ಸಿಗುವುದಿಲ್ಲ.

ಈ ವೃತ್ತಿಯಿಂದಲೇ ಮೇಲೆದ್ದ ಆಟಗಾರರು ನಮ್ಮ ನಡುವೆ ಇದ್ದಾರೆ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರರಾದರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಅದೇ ಪ್ರಶಸ್ತಿ ಗೆದ್ದರು. ಬಿಡದಿ ಸಮೀಪದ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ಮನೆಯ ಪಕ್ಕ ತಲೆಯೆತ್ತಿದ ಈಗಲ್‌ಟನ್ ಮೈದಾನದಲ್ಲಿ ಚೆಂಡು ಹೆಕ್ಕುತ್ತಲೇ ಆಟ ಕಲಿತು ಏಷ್ಯಾ ಮಟ್ಟದ ವೃತ್ತಿಪರ ಆಟಗಾರರಾದರು. ಗಾಲ್ಫ್ ಶ್ರೀಮಂತರ ಆಟವೆಂಬ ಮಾತಿನಲ್ಲಿ ಸತ್ಯವಿದೆ. ಆ ಶ್ರೀಮಂತರ ಚೀಲ ಹೊತ್ತವರೇ ಅವರನ್ನು ಮೀರಿಸಿದ ಉದಾಹರಣೆಗಳೂ ಅಷ್ಟೇ ಸತ್ಯ.

ಆದರೆ ಇಂತಹವರು ಬೆರಳೆಣಿಕೆಯಷ್ಟು. ಉಳಿದವರಿಗೆ ಕೆಲಸವೆಂದರೆ ದಿನದ ಸರದಿ. ಆಟಗಾರ ಬಂದರೆ ಸಂಪಾದನೆ, ಮಳೆ ಬಂದರೆ ಇಲ್ಲ. ಕೊರೊನಾ ಕಾಲದಲ್ಲಿ 2020ರಲ್ಲಿ ಮೈದಾನಗಳು ಮುಚ್ಚಿದಾಗ ಮೊದಲು ಪೆಟ್ಟು ತಿಂದವರು ಇವರೇ. ಆದ್ದರಿಂದ ಕ್ಲಬ್ ನಿಗದಿಪಡಿಸಿದ ಶುಲ್ಕ ಎಷ್ಟು, ಅದನ್ನು ಕೌಂಟರಿನಲ್ಲಿ ಕೊಡಬೇಕೇ ಅಥವಾ ಕ್ಯಾಡಿಯ ಕೈಗೇ ಕೊಡಬೇಕೇ ಎಂದು ಆರಂಭದಲ್ಲೇ ತಿಳಿದುಕೊಳ್ಳಬೇಕು. ಮೇಲಿನ ಭಕ್ಷೀಸು ನಿಮ್ಮ ಇಷ್ಟ. ಆದರೆ ಅದಕ್ಕಾಗಿ ಚಿಲ್ಲರೆ ನೋಟುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಸೌಜನ್ಯ. ಸುತ್ತು ಮುಗಿದ ಮೇಲೆ ಐನೂರರ ನೋಟು ಹಿಡಿದು ಚಿಲ್ಲರೆ ಹುಡುಕುವುದು ಇಬ್ಬರಿಗೂ ಮುಜುಗರ. ವಯಸ್ಸಿನಲ್ಲಿ ಹಿರಿಯರಾದ ಕ್ಯಾಡಿಯನ್ನು ಏಕವಚನದಲ್ಲಿ ಕೂಗುವ ಕ್ಲಬ್ ಚಾಳಿಯನ್ನು ಹೊಸದಾಗಿ ಹೋಗುವವರಾದರೂ ಅನುಸರಿಸದಿರಲಿ.

ಉಡುಪು ಮತ್ತು ನಡತೆ

ಕಾಲರ್ ಇರುವ ಟೀ ಶರ್ಟ್, ಸಾಧಾರಣ ಪ್ಯಾಂಟ್ ಅಥವಾ ಮೊಣಕಾಲು ಮುಟ್ಟುವ ಷಾರ್ಟ್ಸ್, ಗಾಲ್ಫ್ ಶೂ ಅಥವಾ ಚಪ್ಪಟೆ ಅಟ್ಟೆಯ ಕ್ರೀಡಾ ಬೂಟು. ಜೀನ್ಸ್, ದುಂಡು ಕುತ್ತಿಗೆಯ ಬನಿಯನ್ ಮಾದರಿ ಅಂಗಿ, ಚಪ್ಪಲಿಗೆ ಪ್ರವೇಶವಿಲ್ಲ. ಲೋಹದ ಮೊಳೆಯ ಹಳೆಯ ಬೂಟುಗಳನ್ನು ಬಹುತೇಕ ಕಡೆ ನಿಷೇಧಿಸಲಾಗಿದೆ. ಮಹಿಳೆಯರಿಗೂ ಇದೇ ಧಾಟಿಯ ನಿಯಮಗಳಿರುತ್ತವೆ. ಆಟದ ನಂತರ ಊಟದ ಕೋಣೆಗೆ ಹೋಗಲು ಬೂಟು, ಉಡುಪು ಬದಲಿಸಬೇಕಾಗಬಹುದು. ಪಂಚೆಯುಟ್ಟವರನ್ನು ಕ್ಲಬ್‌ಗಳು ತಡೆದ ಪ್ರಸಂಗಗಳಿಂದಾಗಿ ನೆರೆಯ ತಮಿಳುನಾಡು 2014ರಲ್ಲಿ ಕಾನೂನನ್ನೇ ತಂದಿತು. ಇತರೆಡೆ ಈ ವಿಷಯ ಕ್ಲಬ್ಬಿನ ಉಪನಿಯಮಕ್ಕೆ ಬಿಟ್ಟದ್ದು. ಅಜ್ಜನನ್ನು ಊಟಕ್ಕೆ ಕರೆದೊಯ್ಯುವ ಮುನ್ನ ಕೇಳಿಕೊಳ್ಳಿ.

ಮೈದಾನದ ಮೇಲಿನ ನಡತೆಯಲ್ಲಿ ಮುಖ್ಯವಾದದ್ದು ವೇಗ. 18 ಹೋಲ್ ಮುಗಿಸಲು ನಾಲ್ಕರಿಂದ ನಾಲ್ಕೂವರೆ ಗಂಟೆ, ನಡಿಗೆ ಏಳೆಂಟು ಕಿಲೋಮೀಟರ್. ಒಂದು ಹೊಡೆತಕ್ಕೆ 40 ಸೆಕೆಂಡಿಗಿಂತ ಹೆಚ್ಚು ಸಮಯ ತೆಗೆದುಕೊಳ್ಳಬಾರದೆಂದು ನಿಯಮಪುಸ್ತಕವೇ ಸಲಹೆ ಮಾಡುತ್ತದೆ. ಹಿಂದಿನ ತಂಡ ಬೇಗ ಬರುತ್ತಿದ್ದರೆ ಪಕ್ಕಕ್ಕೆ ಸರಿದು ಮುಂದೆ ಬಿಡುವುದು ಸೋಲಲ್ಲ. ಮುಂದಿನ ತಂಡ ನಿಮ್ಮ ಹೊಡೆತದ ದೂರ ದಾಟುವವರೆಗೆ ಹೊಡೆಯಕೂಡದು. ಚೆಂಡು ಯಾರತ್ತಲಾದರೂ ಹಾರಿದರೆ ‘ಫೋರ್’ ಎಂದು ಗಂಟಲು ಹರಿಯುವಂತೆ ಕೂಗಬೇಕು. ಆ ಕೂಗು ಕೇಳಿದವರು ತಲೆಯೆತ್ತಿ ನೋಡದೆ ತಲೆ ಮುಚ್ಚಿಕೊಳ್ಳಬೇಕು. ಗ್ರೀನ್ ಮೇಲೆ ಚೆಂಡು ಬಿದ್ದ ಕುಳಿಯನ್ನು ಸರಿಪಡಿಸುವುದು, ಮರಳಿನ ಗುಂಡಿಯಿಂದ ಬಂದ ಮೇಲೆ ಹೆಜ್ಜೆ ಗುರುತು ಅಳಿಸುವುದು, ಇನ್ನೊಬ್ಬನ ಚೆಂಡಿಗೂ ಕುಳಿಗೂ ನಡುವಿನ ದಾರಿ ತುಳಿಯದಿರುವುದು - ಇಷ್ಟು ಮಾಡಿದವನ ಆಟ ಎಷ್ಟೇ ಕಳಪೆಯಾಗಿದ್ದರೂ ಮತ್ತೆ ಬನ್ನಿ ಎನ್ನುತ್ತಾರೆ. ಯಾವ ಬಣ್ಣದ ಗುರುತಿನಿಂದ ಆಟ ಆರಂಭಿಸಬೇಕೆಂಬುದನ್ನು ಪ್ರತಿಷ್ಠೆಯ ಪ್ರಶ್ನೆ ಮಾಡಿಕೊಳ್ಳಬಾರದು. ಹಿಂದಿನ ಗುರುತುಗಳು ವೃತ್ತಿಪರರಿಗೆ. ಹೊಸಬನು ಮುಂದಿನದರಿಂದ ಆಡಿದರೆ ಅವನಿಗೂ ಸುಖ, ಹಿಂದಿರುವವರಿಗೂ ಸುಖ.

ಮಹಿಳೆಯರಿಗೆ ಬಾಗಿಲು

ಇಂದು ಇದನ್ನು ಪ್ರತ್ಯೇಕವಾಗಿ ಹೇಳಬೇಕೇ ಎಂದು ಕೇಳಬಹುದು. ಅಮೆರಿಕದ ಅಗಸ್ಟಾ ನ್ಯಾಷನಲ್ ಕ್ಲಬ್ ಮಹಿಳೆಯರಿಗೆ ಸದಸ್ಯತ್ವ ಕೊಟ್ಟದ್ದು 2012ರಲ್ಲಿ. ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್ ಕ್ಲಬ್ 2016ರ ಮತದಾನದಲ್ಲಿ ಅದನ್ನು ತಿರಸ್ಕರಿಸಿ, ಓಪನ್ ಪಂದ್ಯಾವಳಿಯ ಆತಿಥ್ಯ ಕೈತಪ್ಪಿದ ಮೇಲೆ 2017ರಲ್ಲಿ ಒಪ್ಪಿತು. ಅದಿತಿ ಅಶೋಕ್ ಪದಕದ ಹತ್ತಿರ ಬಂದ ಜಪಾನಿನ ಕಸುಮಿಗಸೆಕಿ ಕ್ಲಬ್ ಸಹ ಒಲಿಂಪಿಕ್ ಸಮಿತಿಯ ಒತ್ತಡದ ನಂತರ 2017ರಲ್ಲಷ್ಟೇ ಮಹಿಳೆಯರಿಗೆ ಪೂರ್ಣ ಸದಸ್ಯತ್ವ ನೀಡಿತು. ನಮ್ಮ ಮೈದಾನಗಳಲ್ಲಿ ಆಡಲು ಅಂತಹ ಅಡ್ಡಿಯಿಲ್ಲ. ಆದರೂ ಹಳೆಯ ಕ್ಲಬ್‌ಗಳಲ್ಲಿ ಮಹಿಳೆಯರ ದಿನ, ಮಕ್ಕಳಿಗೆ ವೇಳೆ, ಮಕ್ಕಳಿಗೆ ಪ್ರವೇಶವಿಲ್ಲದ ಕೋಣೆ ಎಂಬ ವಿಂಗಡಣೆಗಳು ಉಳಿದಿರಬಹುದು. ಕುಟುಂಬದೊಡನೆ ಹೋಗುವವರು, ಆಡದವರು ನಾಲ್ಕು ಗಂಟೆ ಎಲ್ಲಿ ಕುಳಿತಿರಬೇಕು ಎಂಬ ಪ್ರಶ್ನೆಗೂ ಉತ್ತರ ಹುಡುಕಿಕೊಂಡು ಹೊರಡುವುದು ಮನೆಯ ಶಾಂತಿಗೆ ಒಳ್ಳೆಯದು.

ವಿದೇಶಕ್ಕೆ ಹೋದಾಗ

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಿವೃತ್ತರಲ್ಲಿ ಈ ಆಟ ಹಚ್ಚಿಕೊಳ್ಳುವವರು ಕಾಣಸಿಗುತ್ತಾರೆ. ಅಲ್ಲಿನ ಅರೆ-ಖಾಸಗಿ ಕೋರ್ಸ್‌ಗಳಲ್ಲಿ ವೇಳೆಯನ್ನು ಆನ್‌ಲೈನ್‌ನಲ್ಲೇ ಕಾಯ್ದಿರಿಸಬಹುದು. ವಿಮಾನ ಟಿಕೆಟಿನಂತೆ ಬೇಡಿಕೆಗೆ ತಕ್ಕಂತೆ ದರ ಏರಿಳಿಯುವುದೂ ಉಂಟು. ಸಂಜೆಯ ‘ಟ್ವಿಲೈಟ್’ ದರ ಅಗ್ಗ. ಕ್ಯಾಡಿ ಇರುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಬೇರೆಯದೇ ರೀತಿ. ಗಾಲ್ಫ್‌ನ ತವರೆನಿಸಿದ ಸೇಂಟ್ ಆ್ಯಂಡ್ರೂಸ್‌ನ ಓಲ್ಡ್ ಕೋರ್ಸ್ ಸಾರ್ವಜನಿಕರದು. ಲಾಟರಿಯಲ್ಲಿ ಹೆಸರು ಬಂದವರು ಹ್ಯಾಂಡಿಕ್ಯಾಪ್ ತೋರಿಸಿ ಆಡಬಹುದು; ಭಾನುವಾರ ಅಲ್ಲಿ ಆಟವಿಲ್ಲ, ಊರಿನವರು ಹುಲ್ಲಿನ ಮೇಲೆ ನಾಯಿ ಅಡ್ಡಾಡಿಸುತ್ತಾರೆ. ಕಟ್ಟುನಿಟ್ಟಿಗೆ ಹೆಸರಾದ ಮ್ಯೂರ್‌ಫೀಲ್ಡ್ ಕೂಡ ಮಂಗಳವಾರ ಮತ್ತು ಗುರುವಾರ ಹೊರಗಿನವರಿಗೆ ತೆರೆಯುವ ಪದ್ಧತಿ ಇಟ್ಟುಕೊಂಡು ಬಂದಿದೆ. ಊರ ನಡುವಿನ ಮೈದಾನಕ್ಕೆ ಊರಿನವರು ವಾರಕ್ಕೊಂದು ದಿನವಾದರೂ ನಡೆಯಲು ಹೋಗಬಹುದಾದ ಈ ಏರ್ಪಾಟು ಉಸಿರಾಡಲು ಜಾಗವಿಲ್ಲದ ನಮ್ಮ ನಗರಗಳ ಕ್ಲಬ್ ಆಡಳಿತ ಮಂಡಳಿಗಳ ಗಮನಕ್ಕೆ ಬಂದರೆ ಚೆನ್ನು.

ಮಳೆ, ಸಿಡಿಲು

ಬಯಲುಸೀಮೆಯ ಮೈದಾನಗಳಿಗೆ ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಪ್ರಶಸ್ತ. ಕೊಡಗು, ಚಿಕ್ಕಮಗಳೂರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಲ್ಫ್‌ಗಾಗಿ ಹೋಗುವುದರಲ್ಲಿ ಅರ್ಥವಿಲ್ಲ. ನಿಜವಾದ ಅಪಾಯವಿರುವುದು ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ. ಮುಂಗಾರು ಪೂರ್ವ ಮಳೆ ಗುಡುಗು-ಸಿಡಿಲಿನೊಡನೆ ಬರುತ್ತದೆ. ಬಯಲಿನಲ್ಲಿ ಲೋಹದ ಕೋಲು ಹಿಡಿದು ನಿಂತವನಿಗಿಂತ ಸುಲಭದ ಗುರಿ ಇನ್ನೊಂದಿಲ್ಲ. ಗುಡುಗು ಕೇಳಿಸಿದೊಡನೆ, ಸೈರನ್‌ಗೆ ಕಾಯದೆ, ಆಟ ನಿಲ್ಲಿಸಿ ಕಟ್ಟಡ ಸೇರಬೇಕು. ಒಂಟಿ ಮರದಡಿ ನಿಲ್ಲಬಾರದು, ಛತ್ರಿ ಬಿಚ್ಚಬಾರದು, ಕ್ಯಾಡಿಯನ್ನು ಚೀಲದೊಡನೆ ಹಿಂದೆ ಬಿಟ್ಟು ಬಗ್ಗಿಯಲ್ಲಿ ಓಡಲೂಬಾರದು. ಅಂತಹ ದಿನಗಳಿಗೆ ಬೆಳಗಿನ ವೇಳೆಯನ್ನೇ ಕಾಯ್ದಿರಿಸುವುದು ಕ್ಷೇಮ.

ಮಳೆಯಿಂದ ಆಟ ಅರ್ಧಕ್ಕೆ ನಿಂತರೆ ಹಣ ಹಿಂತಿರುಗುತ್ತದೆಯೇ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಕೆಲವರು ಆಡದೆ ಉಳಿದ ಹೋಲ್‌ಗಳಿಗೆ ಇನ್ನೊಂದು ದಿನದ ಚೀಟಿ ಕೊಡುತ್ತಾರೆ, ಕೆಲವರು ಒಂಬತ್ತು ಹೋಲ್ ದಾಟಿದ್ದರೆ ಏನನ್ನೂ ಕೊಡುವುದಿಲ್ಲ. ಎಷ್ಟು ಗಂಟೆ ಮೊದಲು ರದ್ದುಪಡಿಸಿದರೆ ಶುಲ್ಕ ಬೀಳುವುದಿಲ್ಲ ಎಂಬುದನ್ನೂ ಇದರ ಜೊತೆಗೇ, ಹಣ ಕಟ್ಟುವ ಮುಂಚೆ ಕೇಳಿ ಬರೆದಿಟ್ಟುಕೊಳ್ಳಬೇಕು.